ಖಲೀಫರ ಆಸ್ಥಾನಕ್ಕೆ ಹೋದ ಮೈಸೂರಿನ ನಿಯೋಗ: ರಾಷ್ಟ್ರಗಳ ನಡುವೆ ಬಲ, ಹಿತ ಮತ್ತು ನ್ಯಾಯ

ಜಗತ್ತಿನ ಯಾವುದೋ ಮೂಲೆಯಲ್ಲಿ ಮುಸ್ಲಿಮರು ಸಂಕಟಕ್ಕೆ ಸಿಲುಕಿದ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಇಷ್ಟೊಂದು ಮುಸ್ಲಿಮ್ ರಾಷ್ಟ್ರಗಳಿವೆ, ಸೇನೆಗಳಿವೆ, ಸಂಪತ್ತಿದೆ. ಆದರೂ ಅವು ಏಕೆ ಸುಮ್ಮನಿವೆ? ಊಟದ ಹೊತ್ತಿನಲ್ಲಿ ಮಕ್ಕಳು ಕೇಳುತ್ತಾರೆ, ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಆಳುವವರ ಈಮಾನ್ ಕುಂದಿದೆ ಎಂದು ಕೆಲವರು ಹೇಳುತ್ತಾರೆ. ಎಲ್ಲವೂ ಶತ್ರುಗಳ ಸಂಚು ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಎರಡೂ ಉತ್ತರಗಳಲ್ಲಿ ನೋವು ತುಂಬಿದೆ, ವಿವರಣೆ ಮಾತ್ರ ಕಡಿಮೆ.

ಈ ಪ್ರಶ್ನೆ ಹೊಸದೇನೂ ಅಲ್ಲ. ಎರಡು ಶತಮಾನಗಳಿಗೂ ಹಿಂದೆ ನಮ್ಮದೇ ನೆಲದ ಅರಸರೊಬ್ಬರು ಇದನ್ನು ಎದುರಿಸಿದ್ದರು. ಅವರು ಉತ್ತರವನ್ನು ಹುಡುಕಿ ಹಡಗುಗಳನ್ನೇ ಕಳುಹಿಸಿದರು. ಆ ಹಡಗುಗಳ ಕಥೆಯನ್ನು ವಿದೇಶಾಂಗ ನೀತಿಯ ‘ವಾಸ್ತವವಾದ’ ಎಂಬ ಚಿಂತನೆಯ ಬೆಳಕಿನಲ್ಲಿ ಓದಿದರೆ, ನಮ್ಮ ಮನೆಗಳ ಪ್ರಶ್ನೆಗೂ ಹೆಚ್ಚು ಪ್ರಾಮಾಣಿಕವಾದ ಉತ್ತರ ದೊರೆಯಬಹುದು.

ತದಡಿಯಿಂದ ಇಸ್ತಾಂಬುಲ್‌ಗೆ

1784ರ ಮಾರ್ಚ್‌ನಲ್ಲಿ ಆದ ಮಂಗಳೂರು ಒಪ್ಪಂದದೊಂದಿಗೆ ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿಯಿತು. ಟಿಪ್ಪು ಸುಲ್ತಾನರು ಆ ಯುದ್ಧದಿಂದ ಸೋಲದೆ ಹೊರಬಂದರು, ಆದರೆ ಒಂಟಿಯಾಗಿ ಹೊರಬಂದರು. ಯುದ್ಧ ಆರಂಭವಾದಾಗ ಮೈಸೂರಿನ ಜೊತೆಗೆ ಮರಾಠರೂ ಹೈದರಾಬಾದಿನ ನಿಜಾಮರೂ ಇದ್ದರು. ನಿಜಾಮರು ಬೇಗನೆ ತಣ್ಣಗಾದರು. ಮರಾಠರು 1782ರ ಸಾಲ್ಬಾಯಿ ಒಪ್ಪಂದದ ಮೂಲಕ ಇಂಗ್ಲಿಷ್ ಕಂಪೆನಿಯೊಡನೆ ರಾಜಿಯಾದರು. ಉಳಿದಿದ್ದ ಮಿತ್ರರೆಂದರೆ ಫ್ರೆಂಚರು. ಯುರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸಂಧಿ ಮಾಡಿಕೊಂಡ ವಾರ್ತೆ 1783ರಲ್ಲಿ ಭಾರತಕ್ಕೆ ತಲುಪಿದೊಡನೆ, ಮಂಗಳೂರಿನ ಮುತ್ತಿಗೆಯಲ್ಲಿ ಮೈಸೂರಿನ ಜೊತೆ ನಿಂತಿದ್ದ ಅವರ ತುಕಡಿಯೂ ಕಾದಾಟದಿಂದ ಹಿಂದೆ ಸರಿಯಿತು.

ಕಂಪೆನಿ ಮತ್ತೆ ಬಂದೇ ಬರುತ್ತದೆ ಎಂಬುದು ಸುಲ್ತಾನರಿಗೆ ಸ್ಪಷ್ಟವಾಗಿತ್ತು. ಆದ್ದರಿಂದ ಅವರು ದೂರ ನೋಡಿದರು. 1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ಕರಾವಳಿಯ ತದಡಿ ಬಂದರಿನಿಂದ ಗುಲಾಮ್ ಅಲಿ ಖಾನರ ನೇತೃತ್ವದ ನಿಯೋಗವೊಂದು ಇಸ್ತಾಂಬುಲ್‌ಗೆ ಹೊರಟಿತು. ನೂರಾರು ಜನರಿದ್ದ ಆ ನಿಯೋಗದ ಪ್ರಯಾಣದ ದಿನಚರಿಯನ್ನು ಖ್ವಾಜಾ ಅಬ್ದುಲ್ ಖಾದಿರ್ ಎಂಬವರು ಪಾರ್ಸಿಯಲ್ಲಿ ಬರೆದಿಟ್ಟಿದ್ದಾರೆ. ಮಸ್ಕತ್, ಬಸ್ರಾ, ಬಗ್ದಾದ್‌ಗಳನ್ನು ದಾಟಿ ಅವರು 1787ರ ಸೆಪ್ಟೆಂಬರ್‌ನಲ್ಲಿ ಉಸ್ಮಾನಿ ರಾಜಧಾನಿಯನ್ನು ತಲುಪಿದರು.

ಅವರು ಕೇಳಿದ್ದೇನು? ಇಂಗ್ಲಿಷರ ವಿರುದ್ಧ ಸೈನಿಕ ನೆರವು, ವ್ಯಾಪಾರದ ಸೌಲಭ್ಯಗಳು, ಬಸ್ರಾ ಬಂದರಿನಲ್ಲಿ ನೆಲೆ, ಕೋವಿ, ಗಾಜು, ಗಡಿಯಾರಗಳನ್ನು ತಯಾರಿಸಬಲ್ಲ ಕುಶಲಕರ್ಮಿಗಳು ಹಾಗೂ ತಮ್ಮ ದೊರೆತನಕ್ಕೆ ಮನ್ನಣೆ. ಕೊನೆಯದೂ ಸಣ್ಣ ಮಾತಾಗಿರಲಿಲ್ಲ. ದೆಹಲಿಯ ಬಾದಶಹರ ಸನದು ಇದ್ದವನೇ ಅಧಿಕೃತ ದೊರೆ ಎಂದು ಎಲ್ಲರೂ ಭಾವಿಸುತ್ತಿದ್ದ ಕಾಲವದು. ಮೈಸೂರಿಗೆ ಆ ಸನದು ಇರಲಿಲ್ಲ. ಇಡೀ ಮುಸ್ಲಿಮ್ ಜಗತ್ತಿನ ಖಲೀಫರೆಂದು ಹೇಳಿಕೊಳ್ಳುತ್ತಿದ್ದ ಉಸ್ಮಾನಿ ಸುಲ್ತಾನರ ಒಂದು ಮಾತು ಆ ಕೊರತೆಯನ್ನು ತುಂಬಬಲ್ಲದಾಗಿತ್ತು.

ಸುಲ್ತಾನ್ ಅಬ್ದುಲ್ ಹಮೀದ್ I ಅವರು ನಿಯೋಗವನ್ನು ಗೌರವದಿಂದ ಬರಮಾಡಿಕೊಂಡರು. ಉಡುಗೊರೆಗಳ ವಿನಿಮಯವಾಯಿತು, ಮನ್ನಣೆಯ ಮಾತೂ ದೊರೆಯಿತು. ಸೈನ್ಯ ಮಾತ್ರ ಸಿಗಲಿಲ್ಲ. ಬಸ್ರಾ ಕೂಡ ಸಿಗಲಿಲ್ಲ. ನಿಯೋಗದ ಹಲವರು ದಾರಿಯಲ್ಲೂ ಇಸ್ತಾಂಬುಲ್‌ನಲ್ಲೂ ರೋಗಕ್ಕೆ ಬಲಿಯಾದರು, ಹಡಗುಗಳೂ ನಷ್ಟವಾದವು. ಹೊರಟವರಲ್ಲಿ ತಾಯ್ನಾಡನ್ನು ಮತ್ತೆ ಕಂಡವರು ಅತ್ಯಲ್ಪ.

ಸಹೋದರ ದೊರೆಯೊಬ್ಬನಿಗೆ ಖಲೀಫರೇ ಏಕೆ ನೆರವಾಗಲಿಲ್ಲ? ಇಲ್ಲಿ ನಾವು ಸ್ವಲ್ಪ ನಿಂತು, ರಾಷ್ಟ್ರಗಳ ವರ್ತನೆಯ ಕುರಿತು ಚಿಂತಕರು ಏನು ಹೇಳಿದ್ದಾರೆಂದು ನೋಡೋಣ.

ವಾಸ್ತವವಾದ ಎಂದರೇನು?

ವಾಸ್ತವವಾದದ ಮೂಲ ಮಾತು ಸರಳವಾದುದು. ಒಂದು ಊರಿನಲ್ಲಿ ಕಳ್ಳತನವಾದರೆ ಪೊಲೀಸರಿದ್ದಾರೆ, ನ್ಯಾಯಾಲಯವಿದೆ. ಆದರೆ ರಾಷ್ಟ್ರಗಳ ಮೇಲೆ ಅಂತಹ ಅಧಿಕಾರಿಯಿಲ್ಲ. ಒಂದು ರಾಷ್ಟ್ರದ ಮೇಲೆ ಮತ್ತೊಂದು ಏರಿಬಂದರೆ ದೂರು ಕೊಡಲು ಠಾಣೆಯಿಲ್ಲ. ಆದ್ದರಿಂದ ಪ್ರತಿಯೊಂದು ರಾಷ್ಟ್ರವೂ ತನ್ನ ಉಳಿವಿನ ಚಿಂತೆಯನ್ನು ತಾನೇ ಮಾಡಬೇಕಾಗುತ್ತದೆ. ಅದಕ್ಕಾಗಿ ಬಲವನ್ನು ಗಳಿಸುತ್ತದೆ, ಮಿತ್ರರನ್ನು ಹುಡುಕುತ್ತದೆ. ಯಾರಾದರೂ ಅತಿಯಾಗಿ ಬೆಳೆದರೆ ಉಳಿದವರು ಒಂದುಗೂಡಿ ಅವರನ್ನು ತಡೆಯಲು ಯತ್ನಿಸುತ್ತಾರೆ. ಇದನ್ನೇ ಬಲಸಮತೋಲನ ಎನ್ನುತ್ತಾರೆ. ಇಲ್ಲಿ ಮೈತ್ರಿಯನ್ನು ಅಳೆಯುವುದು ಹಿತಾಸಕ್ತಿಯ ತಕ್ಕಡಿ. ಭಾಷೆ, ಕುಲ, ಧರ್ಮಗಳ ನಂಟು ಆ ಹಿತಕ್ಕೆ ಒದಗಿದಾಗ ಮಾತ್ರ ತೂಕ ಪಡೆಯುತ್ತದೆ.

ಈ ಚಿಂತನೆಗೆ ದೀರ್ಘ ಪರಂಪರೆಯಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಗ್ರೀಸಿನ ಥುಸಿಡೈಡಿಸ್ ಅಥೆನ್ಸ್ ಮತ್ತು ಸ್ಪಾರ್ಟಾಗಳ ಯುದ್ಧದ ಇತಿಹಾಸವನ್ನು ಬರೆಯುತ್ತಾ, ಅಥೆನ್ಸಿನ ಬೆಳೆಯುತ್ತಿರುವ ಬಲ ಸ್ಪಾರ್ಟಾದಲ್ಲಿ ಹುಟ್ಟಿಸಿದ ಭಯವೇ ಯುದ್ಧದ ನಿಜವಾದ ಕಾರಣವೆಂದು ಗುರುತಿಸಿದನು. ಭಾರತದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ನೆರೆಯ ರಾಜನನ್ನು ಸಹಜ ಶತ್ರುವೆಂದೂ, ಆ ನೆರೆಯವನ ಆಚೆಗಿನ ರಾಜನನ್ನು ಸಹಜ ಮಿತ್ರನೆಂದೂ ಎಣಿಸಿತು. ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಮೈಸೂರಿನ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಮುಸ್ಲಿಮ್ ಜಗತ್ತಿನಲ್ಲಿ ಇಬ್ನ್ ಖಲ್ದೂನರು 1377ರಲ್ಲಿ ರಚಿಸಿದ ಮುಕದ್ದಿಮದಲ್ಲಿ, ರಾಜ್ಯಗಳು ಏಳುವುದೂ ಬೀಳುವುದೂ ‘ಅಸಬಿಯ್ಯ’ ಎಂಬ ಒಗ್ಗಟ್ಟಿನ ಬಲದ ಏರಿಳಿತವನ್ನು ಅವಲಂಬಿಸಿದೆ ಎಂದು ತೋರಿಸಿದರು. ಧಾರ್ಮಿಕ ಕರೆಯೂ ಕೂಡ ಅಂತಹ ಬಲದ ಬೆಂಬಲವಿಲ್ಲದೆ ರಾಜ್ಯವಾಗಿ ನಿಲ್ಲಲಾರದು ಎಂದು ಅವರು ಯಾವ ಸಂಕೋಚವೂ ಇಲ್ಲದೆ ಬರೆದರು.

ಆಧುನಿಕ ಕಾಲದಲ್ಲಿ ಇದಕ್ಕೆ ಶಾಸ್ತ್ರದ ರೂಪ ಬಂದದ್ದು ಎರಡು ಮಹಾಯುದ್ಧಗಳ ಆಘಾತದಿಂದ. ಮೊದಲ ಮಹಾಯುದ್ಧದ ಬಳಿಕ ರಾಷ್ಟ್ರಸಂಘವೊಂದನ್ನು ಕಟ್ಟಿ ಯುದ್ಧವನ್ನು ಮಾತಿನಿಂದಲೇ ತಡೆಯಬಹುದೆಂದು ಜಗತ್ತು ನಂಬಿತ್ತು. ಆ ನಂಬಿಕೆ ಕುಸಿಯುತ್ತಿದ್ದ 1939ರಲ್ಲಿ ಬ್ರಿಟನ್ನಿನ ಇ. ಎಚ್. ಕಾರ್ ಅದರ ಪೊಳ್ಳುತನವನ್ನು ಬಯಲಿಗೆಳೆದರು. ಹಿಟ್ಲರನ ಜರ್ಮನಿಯ ದೆಸೆಯಿಂದ ನೆಲೆ ಕಳೆದುಕೊಂಡು ಅಮೆರಿಕ ಸೇರಿದ ಯಹೂದಿ ವಿದ್ವಾಂಸ ಹಾನ್ಸ್ ಮಾರ್ಗೆಂಥೋ 1948ರಲ್ಲಿ ಅಂತಾರಾಷ್ಟ್ರೀಯ ರಾಜಕಾರಣವೆಂದರೆ ಬಲಕ್ಕಾಗಿ ನಡೆಯುವ ಹೋರಾಟವೆಂದು ಪ್ರತಿಪಾದಿಸಿದರು. 1979ರಲ್ಲಿ ಕೆನೆತ್ ವಾಲ್ಟ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ದೊರೆಗಳು ಒಳ್ಳೆಯವರೋ ಕೆಟ್ಟವರೋ ಎಂಬುದಕ್ಕಿಂತ, ಮೇಲೊಂದು ಅಧಿಕಾರವಿಲ್ಲದ ಆ ವ್ಯವಸ್ಥೆಯೇ ಅವರನ್ನು ಒಂದೇ ಬಗೆಯಾಗಿ ನಡೆಯುವಂತೆ ಒತ್ತಾಯಿಸುತ್ತದೆ ಎಂಬುದು ಅವರ ವಾದ.

ಈಗ ಈ ಕನ್ನಡಿಯನ್ನು ಹಿಡಿದು ಇಸ್ತಾಂಬುಲ್‌ಗೆ ಮರಳೋಣ.

ಖಲೀಫರ ಕೈ ಕಟ್ಟಿದ್ದು ಏನು?

ಮೈಸೂರಿನ ನಿಯೋಗ ತಲುಪುವುದಕ್ಕೆ ಕೆಲವೇ ವಾರಗಳ ಮುಂಚೆ, 1787ರ ಆಗಸ್ಟ್‌ನಲ್ಲಿ, ಉಸ್ಮಾನಿ ಸಾಮ್ರಾಜ್ಯ ರಷ್ಯಾದ ಮೇಲೆ ಯುದ್ಧ ಸಾರಿತ್ತು. 1774ರ ಸೋಲಿನ ಗಾಯ ಇನ್ನೂ ಮಾಸಿರಲಿಲ್ಲ. 1783ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿಹಾಕಿತ್ತು. ಮರುವರ್ಷ ಆಸ್ಟ್ರಿಯಾವೂ ರಷ್ಯಾದ ಪಕ್ಷದಲ್ಲಿ ಯುದ್ಧಕ್ಕಿಳಿಯಿತು. ಬಾಗಿಲಿಗೆ ಬಂದ ಶತ್ರುವನ್ನು ಎದುರಿಸಲು ಹೆಣಗುತ್ತಿದ್ದ ಆಸ್ಥಾನವು ಸಾವಿರಾರು ಮೈಲಿ ದೂರದ ಮೈಸೂರಿಗಾಗಿ ಬ್ರಿಟನ್ನನ್ನು ಎದುರು ಹಾಕಿಕೊಳ್ಳುವುದೆಂದರೆ ಇನ್ನೊಂದು ಕೇಡನ್ನು ಮೈಮೇಲೆ ಎಳೆದುಕೊಂಡಂತೆ. ಅಬ್ದುಲ್ ಹಮೀದರ ಈಮಾನನ್ನು ಅಳೆಯಲು ನಾವು ಯಾರು? ಅವರ ನಕ್ಷೆಯನ್ನು ಮಾತ್ರ ನಾವು ಓದಬಲ್ಲೆವು. ಆ ನಕ್ಷೆಯಲ್ಲಿ ಮೈಸೂರು ಬಹಳ ದೂರವಿತ್ತು, ರಷ್ಯಾ ಬಹಳ ಹತ್ತಿರವಿತ್ತು.

ಫ್ರಾನ್ಸಿಗೂ ಇದೇ ಮಾತು ಸಲ್ಲುತ್ತದೆ. ಟಿಪ್ಪು ಸುಲ್ತಾನರು ಕಳುಹಿಸಿದ ಮತ್ತೊಂದು ನಿಯೋಗವನ್ನು 1788ರ ಆಗಸ್ಟ್‌ನಲ್ಲಿ ದೊರೆ ಹದಿನಾರನೆಯ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡನು. ಅದೇ ತಿಂಗಳಲ್ಲಿ ಅವನ ಬರಿದಾದ ಖಜಾನೆ ಪಾವತಿಗಳನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಕ್ರಾಂತಿ ಸಿಡಿಯಿತು. ಬ್ರಿಟನ್ನಿನೊಡನೆ ಹೊಸ ಯುದ್ಧಕ್ಕೆ ಇಳಿಯುವ ಶಕ್ತಿ ಫ್ರಾನ್ಸಿಗಿರಲಿಲ್ಲ. ಕಂಪೆನಿಯ ಮೇಲೆ ದ್ವೇಷವಿದ್ದರೂ ಅದು ಸೈನ್ಯವಾಗಿ ಮಾರ್ಪಡಲಿಲ್ಲ.

ಇನ್ನು ನೆರೆಹೊರೆಯವರ ಮಾತು. 1790ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಮೈಸೂರಿನ ವಿರುದ್ಧ ಕೂಟ ಕಟ್ಟಿದಾಗ ಹೈದರಾಬಾದಿನ ನಿಜಾಮ್ ಅಲಿ ಖಾನರೂ ಪುಣೆಯ ಪೇಶ್ವೆಯೂ ಅದರಲ್ಲಿ ಸೇರಿಕೊಂಡರು. ನಿಜಾಮರು ಮುಸ್ಲಿಮರು, ಪೇಶ್ವೆಗಳು ಬ್ರಾಹ್ಮಣರು, ಕಂಪೆನಿಯವರು ಕ್ರೈಸ್ತರು. ಈ ಮೂವರನ್ನು ಒಂದುಗೂಡಿಸಿದ್ದು ಮೈಸೂರಿನ ಭಯ ಹಾಗೂ ಅದರ ಭೂಮಿಯ ಆಸೆ. ಅದೇ ಯುದ್ಧದಲ್ಲಿ, 1791ರಲ್ಲಿ, ಮರಾಠಾ ಸೈನ್ಯದ ಪಡೆಯೊಂದು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆಯಿತು. ನೊಂದ ಸ್ವಾಮಿಗಳಿಗೆ ಸಾಂತ್ವನದ ಪತ್ರ ಬರೆದು, ಶಾರದಾ ದೇವಿಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದವರು ಟಿಪ್ಪು ಸುಲ್ತಾನರು. ಆ ಕಾಲದ ಯುದ್ಧಗಳನ್ನು ಹಿಂದೂ-ಮುಸ್ಲಿಮ್ ಕದನವೆಂದು ಓದುವವರು ಈ ಒಂದು ವರ್ಷದ ಘಟನೆಗಳನ್ನಾದರೂ ಸಮಾಧಾನದಿಂದ ನೋಡಬೇಕು.

ಇಲ್ಲಿ ನಾವು ಮತ್ತೊಂದು ಸತ್ಯವನ್ನೂ ಹೇಳಲೇಬೇಕು. ಮೈಸೂರು ಒಂಟಿಯಾದುದರಲ್ಲಿ ಮೈಸೂರಿನ ಪಾಲೂ ಇತ್ತು. ಕಂಪೆನಿಯನ್ನು ತಡೆಯಲೆಂದು ಸುಲ್ತಾನರು ಬೆಳೆಸಿದ ಸೈನ್ಯವೇ ಪುಣೆ, ಹೈದರಾಬಾದ್‌ಗಳ ನಿದ್ದೆ ಕೆಡಿಸಿತು. ಒಬ್ಬನ ರಕ್ಷಣೆಯ ಸಿದ್ಧತೆ ಇನ್ನೊಬ್ಬನಿಗೆ ದಾಳಿಯ ಸಿದ್ಧತೆಯಾಗಿ ಕಾಣುವ ಈ ತೊಡಕನ್ನು ವಾಸ್ತವವಾದಿಗಳು ‘ಭದ್ರತೆಯ ಇಕ್ಕಟ್ಟು’ ಎನ್ನುತ್ತಾರೆ. 1789ರ ಕೊನೆಯಲ್ಲಿ ತಿರುವಾಂಕೂರಿನ ಗಡಿಕೋಟೆಯ ಮೇಲೆ ನಡೆದ ದಾಳಿ ಕಂಪೆನಿಗೆ ಬೇಕಾಗಿದ್ದ ನೆಪವನ್ನು ಒದಗಿಸಿತು. ಕೊಡಗು ಮತ್ತು ಮಲಬಾರಿನಲ್ಲಿ ಮೈಸೂರಿನ ಸೈನ್ಯ ನಡೆಸಿದ ದಂಡಯಾತ್ರೆಗಳು ಅಲ್ಲಿನ ಜನರಲ್ಲಿ ಆಳವಾದ ನೋವನ್ನು ಉಳಿಸಿದವು. ಅಲ್ಲಿನ ಅರಸರು ಇಂಗ್ಲಿಷರ ಪಕ್ಷ ಸೇರಿದರು. ದೂರದ ಮಿತ್ರನಿಗಾಗಿ ಕಡಲು ದಾಟಿದ ರಾಜ್ಯಕ್ಕೆ ಹತ್ತಿರದ ನೆರೆಯವನ ವಿಶ್ವಾಸವನ್ನು ಗಳಿಸಲಾಗಲಿಲ್ಲ. ಟಿಪ್ಪು ಸುಲ್ತಾನರ ಮೇಲಿನ ಪ್ರೀತಿ ಈ ಮಾತನ್ನು ಹೇಳದಂತೆ ನಮ್ಮನ್ನು ತಡೆಯಬಾರದು.

ಪರಿಣಾಮ ನಮಗೆಲ್ಲ ಗೊತ್ತಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿಗಳ ದಂಡ ಬಿತ್ತು, ಇಬ್ಬರು ಪುಟ್ಟ ರಾಜಕುಮಾರರು ಒತ್ತೆಯಾಳುಗಳಾಗಿ ಹೋದರು.

ಖಲೀಫರ ಪತ್ರ, ಕಂಪೆನಿಯ ಕೈಯಲ್ಲಿ

ಕಥೆಯ ಅತ್ಯಂತ ನೋವಿನ ಅಧ್ಯಾಯ ಇನ್ನೂ ಬಾಕಿಯಿತ್ತು. 1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಾಳಿ ಮಾಡಿದನು. ಈಜಿಪ್ಟ್ ಉಸ್ಮಾನಿ ಸಾಮ್ರಾಜ್ಯದ ಪ್ರಾಂತ್ಯ. ಮೈಸೂರಿನ ಏಕೈಕ ಆಸರೆಯಾಗಿದ್ದ ಫ್ರಾನ್ಸ್ ಹೀಗೆ ಒಂದೇ ದಿನದಲ್ಲಿ ಖಲೀಫರ ಶತ್ರುವಾಯಿತು. ಖಲೀಫರಿಗೆ ಬ್ರಿಟನ್ ಮಿತ್ರನಾಯಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸುಲ್ತಾನ್ ಸಲೀಮ್ III ಅವರು ಟಿಪ್ಪು ಸುಲ್ತಾನರಿಗೆ ಪತ್ರ ಬರೆದರು. ಫ್ರೆಂಚರ ಸಂಗವನ್ನು ಬಿಡಬೇಕು, ಇಂಗ್ಲಿಷರೊಡನೆ ಮನಸ್ತಾಪವಿದ್ದರೆ ಅದನ್ನು ಬಗೆಹರಿಸಿಕೊಳ್ಳಬೇಕು ಎಂಬುದು ಅದರ ಸಾರ. ಆ ಪತ್ರ ಶ್ರೀರಂಗಪಟ್ಟಣಕ್ಕೆ ಬಂದದ್ದು ಇಂಗ್ಲಿಷರ ಮೂಲಕ. ಯಾರ ವಿರುದ್ಧ ನೆರವು ಕೇಳಿ ಹಡಗುಗಳನ್ನು ಕಳುಹಿಸಿದ್ದರೋ ಅವರ ಕೈಯಿಂದಲೇ ಖಲೀಫರ ಸಲಹೆ ಬಂದು ತಲುಪಿತು. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರವಾದರೋ ದಾರಿಯಲ್ಲೇ ಇಂಗ್ಲಿಷರ ವಶವಾಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಸುಲ್ತಾನರು ಕತ್ತಿ ಹಿಡಿದೇ ಹುತಾತ್ಮರಾದರು. ಮುತ್ತಿದ ಸೈನ್ಯದಲ್ಲಿ ಹೈದರಾಬಾದಿನ ದಂಡೂ ಇತ್ತು.

ವಾಸ್ತವವಾದದ ಕಣ್ಣಿಗೆ ಇದರಲ್ಲಿ ಅಚ್ಚರಿಯಿಲ್ಲ. ಸಲೀಮ್ ತಮ್ಮ ಈಜಿಪ್ಟನ್ನು ಉಳಿಸಿಕೊಳ್ಳಬೇಕಿತ್ತು. ನಿಜಾಮರು ತಮ್ಮ ಗದ್ದುಗೆಯನ್ನು ಉಳಿಸಿಕೊಳ್ಳಬೇಕಿತ್ತು.

ತಕ್ಕಡಿಯ ಇನ್ನೊಂದು ತಟ್ಟೆ

ಹಾಗಾದರೆ ಮಾತು ಇಲ್ಲಿಗೇ ಮುಗಿಯಿತೇ? ಬಲವೇ ಎಲ್ಲ, ನ್ಯಾಯವೆಂಬುದು ದುರ್ಬಲರ ಸಮಾಧಾನ ಎಂದು ನಾವು ಒಪ್ಪಿಕೊಳ್ಳಬೇಕೇ? ಇತಿಹಾಸ ಹಾಗೆ ಹೇಳುವುದಿಲ್ಲ. ಮೈಸೂರಿನ ಪತನದ ಮುಂದಿನ ಪುಟಗಳನ್ನು ತಿರುವಿದರೆ ಸಾಕು.

ಮೈಸೂರನ್ನು ಹಂಚಿಕೊಂಡ ನಿಜಾಮರು ಅದಕ್ಕೂ ಮುಂಚೆಯೇ, 1798ರಲ್ಲಿ, ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿ ಕಂಪೆನಿಯ ದಂಡನ್ನು ತಮ್ಮ ಮನೆಯೊಳಗೆ ಕರೆದುಕೊಂಡಿದ್ದರು. 1792 ಮತ್ತು 1799ರಲ್ಲಿ ತಮ್ಮ ಪಾಲಿಗೆ ಬಂದ ಭೂಮಿಯನ್ನು 1800ರಲ್ಲಿ ಆ ದಂಡಿನ ವೆಚ್ಚಕ್ಕಾಗಿ ಕಂಪೆನಿಗೇ ಒಪ್ಪಿಸಬೇಕಾಯಿತು. ಬಳ್ಳಾರಿ ಸೇರಿದಂತೆ ಆ ಪ್ರದೇಶಕ್ಕೆ ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಹೀಗೆ. ಪೇಶ್ವೆ 1802ರ ಕೊನೆಯ ದಿನ ಬಸ್ಸೀನ್ ಒಪ್ಪಂದಕ್ಕೆ ಸಹಿ ಹಾಕಿ ಅದೇ ಬಲೆಗೆ ಬಿದ್ದನು. 1818ಕ್ಕೆ ಪೇಶ್ವೆಯ ಆಡಳಿತವೇ ಅಳಿಯಿತು. ನೆರೆಯವನ ಮನೆ ಸುಡುವಾಗ ಚಳಿ ಕಾಯಿಸಿಕೊಂಡವರ ಮನೆಗೂ ಬೆಂಕಿ ಬಂತು. ಅವರು ಅನುಸರಿಸಿದ್ದು ಹಿತಾಸಕ್ತಿಯನ್ನೇ, ಆದರೆ ಅದು ಮುಂದಿನ ಸುಗ್ಗಿಯವರೆಗೆ ಮಾತ್ರ ಕಾಣುವ ಹಿತಾಸಕ್ತಿ.

ವಾಸ್ತವವಾದದ ಹಿರಿಯರಿಗೂ ಇದು ತಿಳಿದಿತ್ತು. ಕ್ರಿಸ್ತಪೂರ್ವ 416ರಲ್ಲಿ ಅಥೆನ್ಸ್ ಮೆಲೋಸ್ ಎಂಬ ಪುಟ್ಟ ದ್ವೀಪದ ಮುಂದೆ ನಿಂತು, ನ್ಯಾಯದ ಮಾತು ಸಮಬಲರ ನಡುವೆ ಮಾತ್ರ ಎಂದು ಗದರಿಸಿತು. ಒಪ್ಪದ ದ್ವೀಪದ ಗಂಡಸರನ್ನು ಕೊಂದಿತು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತು. ಥುಸಿಡೈಡಿಸ್ ಇದನ್ನು ಬರೆದ ಬೆನ್ನಿಗೇ ಸಿಸಿಲಿಯಲ್ಲಿ ಅದೇ ಅಥೆನ್ಸಿನ ಸೇನೆ ನಾಶವಾದ ಕಥೆಯನ್ನು ಬರೆಯುತ್ತಾನೆ. ಕ್ರಿಸ್ತಪೂರ್ವ 404ರಲ್ಲಿ ಅಥೆನ್ಸ್ ಶರಣಾಯಿತು. ಕಾರ್ ಕೂಡ ಬರಿಯ ವಾಸ್ತವವಾದದಿಂದ ಬದುಕಿಗೆ ಗುರಿ ದೊರೆಯದು, ಆದರ್ಶವೂ ಜೊತೆಗಿರಬೇಕು ಎಂದು ಎಚ್ಚರಿಸಿದರು. ಮಾರ್ಗೆಂಥೋ ವಿಯೆಟ್ನಾಮ್ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು. 2002ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇರಾಕಿನ ಮೇಲಿನ ಯುದ್ಧ ಅಮೆರಿಕದ ಹಿತಕ್ಕೆ ವಿರುದ್ಧವೆಂದು 33 ವಿದ್ವಾಂಸರು ಜಾಹೀರಾತು ಕೊಟ್ಟರು. ಅವರಲ್ಲಿ ವಾಲ್ಟ್ಸ್, ಜಾನ್ ಮಿಯರ್‌ಶೈಮರ್, ಸ್ಟೀಫನ್ ವಾಲ್ಟ್ ಮುಂತಾದ ವಾಸ್ತವವಾದಿಗಳು ಎದ್ದು ಕಾಣುತ್ತಿದ್ದರು. ಮರುವರ್ಷ ಯುದ್ಧ ನಡೆದೇ ಹೋಯಿತು. ‘ವಿಮೋಚನೆ’ಯ ಸುಂದರ ಮಾತುಗಳಿಂದ ಬಾಂಬುಗಳನ್ನು ಸಿಂಗರಿಸುವವರಿಗಿಂತ, ಬಲದ ಮಿತಿಯನ್ನು ಅರಿತವರು ಇರಾಕಿನ ಜನರಿಗೆ ಹೆಚ್ಚು ಉಪಕಾರಿಗಳಾಗುತ್ತಿದ್ದರು.

ನಮ್ಮ ಪರಂಪರೆಯಲ್ಲೂ ಈ ಎರಡು ತಟ್ಟೆಗಳನ್ನು ಸರಿದೂಗಿಸಿದ ಉದಾಹರಣೆಯಿದೆ. ಹಿಜರಿ 6ರಲ್ಲಿ, ಅಂದರೆ 628ರಲ್ಲಿ, ಹುದೈಬಿಯಾದಲ್ಲಿ ಪ್ರವಾದಿ ಮುಹಮ್ಮದ್(ಸ)ರು ಕುರೈಶರೊಡನೆ 10 ವರ್ಷಗಳ ಸಂಧಿಗೆ ಒಪ್ಪಿದರು. ಬಲಾಬಲವನ್ನು ಅರಿತ ನಡೆಯದು. ಒಪ್ಪಂದದ ಪತ್ರದಲ್ಲಿ ‘ಅಲ್ಲಾಹನ ಸಂದೇಶವಾಹಕ’ ಎಂಬ ಪದಗಳನ್ನು ಅಳಿಸಬೇಕೆಂದು ಎದುರಿನವರು ಹಟ ಹಿಡಿದಾಗ ಅದಕ್ಕೂ ಸಮ್ಮತಿಸಿದರು. ಸಂಗಾತಿಗಳಿಗೆ ಇದು ಅಪಮಾನವೆನಿಸಿತು. ಅಷ್ಟರಲ್ಲಿ ಸಂಕೋಲೆಗಳನ್ನು ಎಳೆದುಕೊಂಡು ಅಬೂ ಜಂದಲ್(ರ) ಆಸರೆ ಬೇಡುತ್ತಾ ಬಂದರು. ಮಕ್ಕಾದಿಂದ ಬಂದವರನ್ನು ಮರಳಿಸಬೇಕೆಂಬುದು ಒಪ್ಪಂದದ ಷರತ್ತು. ಪ್ರವಾದಿ(ಸ)ರು ಅವರಿಗೆ ಸಹನೆಯನ್ನು ಬೋಧಿಸಿ, ಕೊಟ್ಟ ಮಾತಿನಂತೆ ನಡೆದುಕೊಂಡರು. ಅಲ್ಲಿ ಭಾವನೆ ವಿವೇಕಕ್ಕೆ ದಾರಿ ಬಿಟ್ಟುಕೊಟ್ಟಿತು, ಆದರೆ ವಿವೇಕವು ವಚನಭಂಗಕ್ಕೆ ನೆಪವಾಗಲಿಲ್ಲ. ಕರಾರುಗಳನ್ನು ಪಾಲಿಸಬೇಕು, ಒಂದು ಜನಾಂಗದ ಮೇಲಿನ ಹಗೆತನವೂ ನಿಮ್ಮನ್ನು ಅನ್ಯಾಯಕ್ಕೆ ದೂಡಬಾರದು ಎಂಬುದು ಪವಿತ್ರ ಕುರ್‌ಆನಿನ ಆದೇಶ.

ಮಕ್ಕಳಿಗೆ ಏನು ಹೇಳೋಣ?

ಇನ್ನು ನಮ್ಮ ಮನೆಯ ಪ್ರಶ್ನೆಗೆ ಮರಳೋಣ. ಮುಸ್ಲಿಮ್ ರಾಷ್ಟ್ರಗಳು ಏಕೆ ಸುಮ್ಮನಿವೆ ಎಂದು ಮಗು ಕೇಳಿದಾಗ, ಅವು ಮೊದಲಿಗೆ ರಾಷ್ಟ್ರಗಳು ಎಂದು ನಾವು ಹೇಳಬೇಕಾಗುತ್ತದೆ. ಅವುಗಳಿಗೂ ಗಡಿಯಿದೆ, ಸಾಲವಿದೆ, ಭಯವಿದೆ, ಯಾರದೋ ಆಯುಧಗಳ ಮೇಲಿನ ಅವಲಂಬನೆಯಿದೆ. ಇಸ್ತಾಂಬುಲ್‌ಗೆ ಹೋದ ನಮ್ಮೂರಿನ ಹಡಗುಗಳ ಕಥೆಯನ್ನು ಹೇಳಿದರೆ ಮಗುವಿಗೆ ಇದು ಸುಲಭವಾಗಿ ಅರ್ಥವಾದೀತು. ಹೀಗೆ ತಿಳಿದವರು ಪ್ರತಿಯೊಂದು ಯುದ್ಧದಲ್ಲೂ ಹೊಸ ರಕ್ಷಕನನ್ನು ಕಲ್ಪಿಸಿಕೊಂಡು, ಪ್ರತಿಯೊಂದು ಮೌನಕ್ಕೂ ಹೊಸ ದ್ರೋಹಿಯನ್ನು ಹುಡುಕುವ ಆಯಾಸದಿಂದ ಪಾರಾಗುತ್ತಾರೆ.

ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ರಾಷ್ಟ್ರಗಳು ಹೀಗೆ ನಡೆಯುತ್ತವೆ ಎಂದು ತಿಳಿಯುವುದು ಬೇರೆ, ಹೀಗೆ ನಡೆಯುವುದೇ ಸರಿ ಎಂದು ಒಪ್ಪುವುದು ಬೇರೆ. ಅರಮನೆಗಳ ತಕ್ಕಡಿ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ನೆರೆಯವರ ವಿಶ್ವಾಸ, ಕೊಟ್ಟ ಮಾತಿನ ಪಾಲನೆ ಮತ್ತು ಪೀಡಿತನು ಯಾವ ಧರ್ಮದವನಾದರೂ ಅವನ ಪರವಾಗಿ ಎತ್ತುವ ದನಿ. ಮೈಸೂರಿಗೆ ಕೊನೆಯಲ್ಲಿ ಕೊರತೆಯಾದದ್ದು ಕಡಲಾಚೆಯ ಸೈನ್ಯ ಮಾತ್ರವಲ್ಲ, ಗಡಿಯಾಚೆಗಿನ ನೆರೆಯವರ ನಂಬಿಕೆಯೂ ಹೌದು. ಆ ನಂಬಿಕೆಯನ್ನು ಗಳಿಸುವ ಕೆಲಸಕ್ಕೆ ಹಡಗು ಬೇಕಾಗಿಲ್ಲ, ಅದನ್ನು ನಾವು ನಮ್ಮ ಬೀದಿಯಿಂದಲೇ ಆರಂಭಿಸಬಹುದು.